ಐದು ಮಂದಿಗೆ ಒಂದೇ ಎದೆ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಫೋಟೋಣ್ಣ ಎಂದು. ಹೊಸದಾಗಿ ಸೇರಿದವರು, ಈತ ಮದುವೆ ಮನೆಗಳಲ್ಲಿ ಕ್ಯಾಮೆರಾ ಹಿಡಿಯುವವನಿರಬೇಕು ಅಂದುಕೊಂಡು, ‘ಅಣ್ಣಾ, ನಮ್ಮನೇಲೂ ಒಂದು ಕಾರ್ಯ ಇದೆ’ ಎಂದು ಬಂದು ಕೇಳಿದ್ದೂ ಉಂಟು. ಅವನು ಜನ್ಮದಲ್ಲಿ ಕ್ಯಾಮೆರಾ ಮುಟ್ಟಿದವನಲ್ಲ. ಪಿಂಗಾಣಿ ಬೇಸಿನ್ನು, ಕಮೋಡುಗಳನ್ನು ಹುಲ್ಲಿನಲ್ಲಿ ಸುತ್ತಿ, ಮರದ ಪೆಟ್ಟಿಗೆಗೆ ಇಳಿಸಿ, ಮೊಳೆ ಹೊಡೆದು ಲಾರಿಗೆ ಏರಿಸುವುದು ಅವನ ಕೆಲಸ. ‘ದೊಡ್ಡ ದೊಡ್ಡವರ ಕುಂಡೆಗೆ ಮೊದಲು ಹಾಸಿಗೆ ಹಾಸಿದವನು ನಾನು’ ಎಂದು ಹೇಳಿ ತಾನೇ ನಗುತ್ತಿದ್ದ.

ಹೆಸರು ಬಂದದ್ದು ಅವನ ಎದೆಯಿಂದ. ಕಲ್ಲು ಅರೆಯುವ ಶೆಡ್ಡು, ಮೆರುಗು ಹೊಡೆಯುವ ಶೆಡ್ಡು, ಈ ಎರಡರಲ್ಲಿ ದುಡಿಯುವವರಿಗೆ ವರ್ಷಕ್ಕೊಂದು ಸಲ ಎದೆಯ ಎಕ್ಸ್‌ರೇ ಆಗಬೇಕು. ಅದಕ್ಕೊಂದು ವ್ಯಾನು ಬರುತ್ತದೆ. ಫಿಲ್ಮಿನಲ್ಲಿ ಕಲೆ ಕಂಡರೆ ಆ ಮನುಷ್ಯ ಕೆಲಸಕ್ಕೆ ನಾಲಾಯಕ್ಕು. ಧೂಳು ಕುಡಿಸಿದ್ದು ಕಂಪನಿ. ಪರಿಹಾರ ಕೇಳಲು ಹೋದರೆ ಮಾತ್ರ, ‘ಬೀಡಿ ಸೇದಿ ಬರಿಸ್ಕೊಂಡಿದೀಯ, ನಾವೇನು ಮಾಡೋಣ’ ಎಂಬ ಉತ್ತರ. ಹೀಗಾಗಿ ಆ ಶೆಡ್ಡುಗಳ ಜನ ಧೂಳಿಗಿಂತ ಹೆಚ್ಚು ಹೆದರುತ್ತಿದ್ದುದು ವ್ಯಾನಿಗೆ.

ಮೊದಲು ಹೆದರಿ ಓಡಿ ಬಂದವನು ಅವನ ಬಾಮೈದ, ಹೆಂಡತಿಯ ಒಡಹುಟ್ಟಿದ ತಮ್ಮ, ಅರೆಯುವ ಶೆಡ್ಡಿನವನು. ‘ಭಾವ, ಮೆಟ್ಲು ಹತ್ತೋಕೆ ದಮ್ಮು ಸಾಲ್ತಿಲ್ಲ. ಈ ಸಲ ನನ್ನ ಕಥೆ ಮುಗೀತು. ನಿನ್ನ ಎದೆ ಒಂಚೂರು ಕೊಡು’ ಎಂದ, ಪಕ್ಕದ ಮನೆಯಲ್ಲಿ ಏಣಿ ಕೇಳುವವನ ಹಾಗೆ.

ಕೊಡುವುದೇನೂ ಕಷ್ಟವಿರಲಿಲ್ಲ. ಪ್ಯಾಕಿಂಗ್ ಅಂಗಳದವರಿಗೆ ಎಕ್ಸ್‌ರೇ ಕಡ್ಡಾಯವಲ್ಲ, ಆದ್ದರಿಂದ ವ್ಯಾನಿನವನಿಗೆ ಅವನ ಗುರುತೇ ಇಲ್ಲ. ವ್ಯಾನಿಗೆ ಎರಡು ಬಾಗಿಲು. ಒಂದರಲ್ಲಿ ಹತ್ತಿ, ಟೋಕನ್ ಕೊಟ್ಟು, ಅಂಗಿ ಬಿಚ್ಚಿ, ತಣ್ಣನೆಯ ಹಲಗೆಗೆ ಎದೆ ಒತ್ತಿ, ‘ಉಸಿರು ಹಿಡಿ’ ಅಂದಾಗ ಹಿಡಿದು, ‘ಬಿಡು’ ಅಂದಾಗ ಬಿಟ್ಟು, ಇನ್ನೊಂದರಲ್ಲಿ ಇಳಿಯುವುದು. ಊಟದ ಹೊತ್ತಿಗೆ ಮುಗಿಸುವ ಅವಸರದಲ್ಲಿರುವ ಆಪರೇಟರು ಟೋಕನ್ ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಬಾಮೈದನ ಫಿಲ್ಮು ತೊಳೆದಿಟ್ಟ ತಟ್ಟೆಯಂತೆ ಬಂತು. ಮರುವರ್ಷ ಇನ್ನಿಬ್ಬರು ಕೇಳಿದರು. ಆಮೇಲೆ ಐವರಾದರು. ಐವರಲ್ಲಿ ಒಬ್ಬ ಯೂನಿಯನ್ನಿನ ಸೆಕ್ರೆಟರಿ, ಮೆರುಗಿನ ಶೆಡ್ಡಿನವನು.

ಇದಕ್ಕೆ ಅವನಿಗೆ ಸಿಕ್ಕಿದ್ದು ಒಂದು ಅಡ್ಡಹೆಸರು, ಆಗೀಗ ಒಂದು ಲೋಟ ಚಹಾ. ಆದರೆ ಒಳಗೊಳಗೇ ಹೆಮ್ಮೆಯಿತ್ತು. ಗೇಟು ಸಭೆಯಲ್ಲಿ ಎದ್ದು ನಿಂತರೆ ಅವನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಮುಷ್ಕರದ ದಿನ ಬಾವುಟ ಹಿಡಿಯಲು ಕೊಟ್ಟರೆ ಕೋಲು ಯಾರದೋ ಕಣ್ಣಿಗೆ ತಿವಿಯುತ್ತಿತ್ತು. ಬೀಡಿಯ ವಾಸನೆಗೇ ತಲೆ ತಿರುಗುವವನು. ಅಂಥವನ ಬೀಡಿ ಕಾಣದ ಎದೆ ಐದು ಮನೆಯ ಒಲೆ ಉರಿಸುತ್ತಿದೆ ಅಂದರೆ ಸಣ್ಣ ಮಾತೇ?

ಆ ವರ್ಷ ವ್ಯಾನು ಬಂದು ಹೋದ ಮೇಲೆ ಐವರಿಗೂ ಒಂದೇ ಬೆಳಿಗ್ಗೆ ಗೇಟಿನಲ್ಲಿ ಕವರು ಸಿಕ್ಕಿತು, ಒಳಗೆ ಫಿಲ್ಮು, ಜೊತೆಗೊಂದು ಕಾಗದ. ಎದೆಯಲ್ಲಿ ನೆರಳು ಕಂಡಿದೆ. ನಿಮ್ಮ ಡಾಕ್ಟರ ಹತ್ತಿರ ಸರಿಯಿದೆಯೆಂದು ಬರೆಸಿಕೊಂಡು ಬರುವ ತನಕ ಒಳಗೆ ಪ್ರವೇಶವಿಲ್ಲ.

ಚಹಾ ಅಂಗಡಿಯ ಹಿಂದೆ ಐವರೂ ಫಿಲ್ಮುಗಳನ್ನು ಬಿಸಿಲಿಗೆ ಹಿಡಿದು ನಿಂತರು. ಊಟದ ಬಿಡುವಿನಲ್ಲಿ ಫೋಟೋಣ್ಣನೂ ಬಂದು ಸೇರಿಕೊಂಡ. ಐದರಲ್ಲೂ ಎಡಗಡೆಯ ಕೊರಳೆಲುಬು ಒಂದು ಕಡೆ ಹಗ್ಗಕ್ಕೆ ಗಂಟು ಹಾಕಿದಂತೆ ದಪ್ಪಗಿತ್ತು. ಹರೆಯದಲ್ಲಿ ಲಾರಿಯಿಂದ ಜಾರಿದ ಪೆಟ್ಟಿಗೆ ಭುಜಕ್ಕೆ ಬಡಿದಾಗ ಮುರಿದು ಕೂಡಿಕೊಂಡ ಅವನದೇ ಎಲುಬು ಅದು. ಆ ಗಂಟಿನ ಕೆಳಗೆ, ಐದರಲ್ಲೂ, ಗೋಲಿಯಷ್ಟು ದೊಡ್ಡ ಬೆಳ್ಳನೆಯ ಮಚ್ಚೆ.

‘ನೋಡ್ರಪ್ಪಾ!’ ಸೆಕ್ರೆಟರಿ ಗುಡುಗಿದ. ‘ಐದು ಜನಕ್ಕೆ ಒಂದೇ ದಿನ, ಒಂದೇ ಜಾಗದಲ್ಲಿ, ಒಂದೇ ಸೈಜಿನ ರೋಗ! ರೋಗ ಏನು ಅಚ್ಚಿನಲ್ಲಿ ಹೊಯ್ದು ಹಂಚಿದ್ರಾ? ಸಂಬಳದ ಮಾತುಕತೆಗೆ ಕೂರೋರು ಯಾರು? ನಾವು. ಈಗ ಹೊರಗೆ ಬಿದ್ದಿರೋರು ಯಾರು? ನಾವೇ.’

‘ಫೋಟೋಣ್ಣನ ಎದೆ ನಮಗೆ ಗೊತ್ತಿಲ್ವಾ?’ ಇನ್ನೊಬ್ಬ ದನಿಗೂಡಿಸಿದ. ‘ಕನ್ನಡಿ ಇದ್ದಂಗಿದೆ. ಅದರಲ್ಲಿ ಮಚ್ಚೆ ಬಂತು ಅಂದ್ರೆ ಕಂಪನಿಯವರೇ ಬರೆದಿದಾರೆ ಅಂತಾನೇ ಅರ್ಥ.’

ಅವರ ಅನುಮಾನ ಹುಚ್ಚು ಅನುಮಾನವಲ್ಲ. ಹಾಜರಿ ಹಾಕಿಸಿಕೊಂಡು ಒಳಗೆ ದುಡಿಯುತ್ತಿದ್ದವನ ಮೇಲೆ ಹೊರಗೆ ಕಲ್ಲು ತೂರಿದನೆಂದು ಕೇಸು ಜಡಿದಿದ್ದ ಕಂಪನಿ ಅದು. ಹಾವಿನ ಬಾಯಲ್ಲಿ ಕೈ ಇಟ್ಟು ಬದುಕಿದವನಿಗೆ ಹಗ್ಗವೂ ಹೆಡೆಯೆತ್ತುತ್ತದೆ. ಕಷ್ಟವೆಂದರೆ, ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ‘ಸ್ವಾಮೀ, ಈ ಎದೆ ನಮ್ಮದಲ್ಲ, ಆದ್ದರಿಂದ ಈ ಮಚ್ಚೆ ಸುಳ್ಳು’ ಎಂದು ಲೇಬರ್ ಆಫೀಸರ ಎದುರು ವಾದ ಹೂಡಲಾದೀತೇ?

ಅಷ್ಟರಲ್ಲಿ ಫೋಟೋಣ್ಣನಿಗೆ ಕೆಮ್ಮು ಬಂತು. ಒಮ್ಮೆ ಹಿಡಿದರೆ ಬಿಡುವ ಕೆಮ್ಮಲ್ಲ. ಮುಗಿಯುವ ತನಕ ಐವರೂ ಅವನನ್ನೇ ನೋಡಿದರು.

‘ಹುಲ್ಲಿನ ಧೂಳು’ ಎಂದ ಅವನು, ಯಾರೂ ಕೇಳದಿದ್ದರೂ.

ಸಂಜೆ ಐವರೂ ಡಾಕ್ಟ್ರಮ್ಮನ ಬಳಿಗೆ ಹೋದರು. ಸೈಕಲ್ ರಿಪೇರಿ ಅಂಗಡಿಯ ಪಕ್ಕ ಎರಡೇ ಕೋಣೆಯ ದವಾಖಾನೆ. ನೆಗಡಿ, ಭೇದಿ, ಮೊಳೆ ಚುಚ್ಚಿದ ಕಾಲು, ಎಲ್ಲದಕ್ಕೂ ಆ ಬೀದಿಯವರಿಗೆ ಅವಳೇ ಗತಿ. ಫೋಟೋಣ್ಣ ಬಾಮೈದನ ಜೊತೆಗೆಂದು ಹೋಗಿ ಹೊರಗಿನ ಬೆಂಚಿನಲ್ಲಿ ಕೂತ. ನಡುವೆ ಹಸಿರು ಪರದೆ. ಅದು ನೆಲ ಮುಟ್ಟುವುದಿಲ್ಲ. ಒಳಗಿನವರ ಪಾದ ಕಾಣುತ್ತದೆ, ಮಾತಂತೂ ಪೂರ್ತಿ ಕೇಳುತ್ತದೆ.

‘ಅಂಗಿ ಬಿಚ್ಚು. ಈ ಕೊರಳೆಲುಬು ಯಾವಾಗ ಮುರಿದಿತ್ತು?’

‘ಚಿಕ್ಕವನಿದ್ದಾಗ ಮರದಿಂದ ಬಿದ್ದೆ, ಡಾಕ್ಟ್ರಮ್ಮ.’

ಎರಡನೆಯವನು ಸೈಕಲ್ಲಿನಿಂದ ಬಿದ್ದಿದ್ದ. ಸೆಕ್ರೆಟರಿಗೆ ಪೊಲೀಸರ ಲಾಠಿ ಬಿದ್ದಿತ್ತು. ನಾಲ್ಕನೆಯವನಿಗೆ ಏನೂ ಹೊಳೆಯದೆ, ‘ಹೆಂಡ್ತಿ ತಳ್ಳಿದ್ಲು’ ಎಂದ.

‘ಅವಳೂ ಎಡಗಡೇಗೇ ತಳ್ಳಿದ್ಲಾ?’

‘ಅವಳು ಯಾವಾಗ್ಲೂ ಆ ಕಡೆಗೇ ತಳ್ಳೋದು.’

ಬಾಮೈದನ ಪಾದ ಒಳಗೆ ಬಂದದ್ದೇ ಡಾಕ್ಟ್ರಮ್ಮನ ದನಿ ಏರಿತು. ‘ನೀನು ಬಾಯಿ ತೆಗೀಬೇಡ, ಅಂಗಿ ತೆಗಿ. ಸುಳ್ಳು ಕೇಳಿ ಕೇಳಿ ನನ್ನ ಕಿವಿ ತೂತಾಯ್ತು. ಕರಿ ಅವರನ್ನೆಲ್ಲ.’ ಹತ್ತು ಪಾದಗಳು ಪರದೆಯ ಕೆಳಗೆ ಸಾಲಾಗಿ ನಿಂತವು. ‘ಐದು ಜನದ ಮೂಳೇನೂ ಮುಟ್ಟಿ ನೋಡಿದೆ. ಒಬ್ಬನಲ್ಲೂ ಗಂಟಿಲ್ಲ. ಫಿಲ್ಮು ನೋಡಿದ್ರೆ ಐದರಲ್ಲೂ ಇದೆ. ಇದು ಯಾರ ಮೂಳೆ ಅಂತ ನಾನು ಕೇಳಲ್ಲ, ನೀವು ಹೇಳೋದೂ ಬೇಡ. ಆದ್ರೆ ಆ ಮೂಳೆಯವನು ಇಲ್ಲಿಗೆ ಬರ್ಬೇಕು. ತಡ ಮಾಡೋ ವಿಷಯ ಅಲ್ಲ ಇದು.’

ಬೆಂಚಿನಲ್ಲಿದ್ದವನ ಕೈ ತನ್ನಷ್ಟಕ್ಕೆ ಅಂಗಿಯ ಕಾಲರಿನೊಳಗೆ ಹೋಯಿತು.

ಬೀದಿಗೆ ಇಳಿದದ್ದೇ ಸೆಕ್ರೆಟರಿ ಅವನ ರಟ್ಟೆ ಹಿಡಿದು ಗೋಡೆಯ ಕಡೆಗೆ ಎಳೆದ. ‘ಗಾಳ ಹಾಕ್ತಿದಾಳೆ, ಗೊತ್ತಾಯ್ತಾ? ಅವಳ ಗಂಡನ ಅಣ್ಣ ನಮ್ಮ ಆಫೀಸಿನಲ್ಲೇ ಸಂಬಳದ ಲೆಕ್ಕ ಬರೆಯೋನು. ನೀನು ಅವಳ ಹೊಸ್ತಿಲು ತುಳಿದೆ ಅಂದ್ರೆ ನಾವು ಐದು ಜನ ಬೀದಿಗೆ. ಮೋಸ ಮಾಡಿದ್ರು ಅಂತ ಕೇಸು ಬೇರೆ.’

‘ನನಗೇನೂ ಆಗಿಲ್ಲ ಬಿಡು’ ಎಂದ ಫೋಟೋಣ್ಣ.

‘ಆಗಿಲ್ಲ, ಅದು ನಮಗೂ ಗೊತ್ತು. ಮಾತುಕತೆ ಮುಗಿಯೋ ತನಕ ಸುಮ್ನಿರು. ಜನರೆದುರು ಕೆಮ್ಮಬೇಡ, ಅಷ್ಟೇ.’

ಅಂದಿನಿಂದ ಅವನ ತಲೆಯಲ್ಲಿ ಅನುಮಾನದ ಹುಳ ಹೊಕ್ಕಿತು. ಮೊದಲು ಡಾಕ್ಟ್ರಮ್ಮನ ಮೇಲೆ. ಮಳೆಗಾಲದಲ್ಲಿ ಇದೇ ಕೆಮ್ಮಿಗೆ ಅವಳ ಹತ್ತಿರ ಹೋಗಿದ್ದ. ಸಿರಪ್ಪು ಕೊಟ್ಟು ಕಳಿಸಿದ್ದಳು. ಆಗ ಇಲ್ಲದ ಅವಸರ ಈಗೆಲ್ಲಿಂದ ಬಂತು? ಆಮೇಲೆ ಕಂಪನಿಯ ಮೇಲೆ. ಬಾಮೈದನ ಫಿಲ್ಮು ಇಸಿದುಕೊಂಡು, ಯಾರೂ ಇಲ್ಲದಾಗ, ಮಚ್ಚೆಗೆ ಎಂಜಲು ಹಚ್ಚಿ ಹೆಬ್ಬೆರಳಿಂದ ಉಜ್ಜಿದ. ಹೋಗಲಿಲ್ಲ. ಉಗುರಿನಿಂದ ಕೆರೆದ. ಗೀರು ಬಿತ್ತು, ಮಚ್ಚೆ ಅಲ್ಲೇ ಇತ್ತು. ಆಗ ಸೆಕ್ರೆಟರಿಯ ಮೇಲೆ ಅನುಮಾನ ಬಂತು. ಗೊತ್ತಿದ್ದೂ ಹೀಗೆ ಹೇಳುತ್ತಿದ್ದಾನೆಯೇ? ಕಡೆಗೆ ಉಳಿದದ್ದು ತನ್ನ ಎದೆಯೊಂದೇ. ಅದರ ಮೇಲೆ ಅನುಮಾನಪಡಲು ಮಾತ್ರ ಮನಸ್ಸು ಒಪ್ಪದು. ಐದು ಜನ ನಂಬಿದ ಎದೆ ಅದು.

ಹೆಂಡತಿ ಬೀದಿಯ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದಳು. ಊರಿನವರ ಹೊಟ್ಟೆ ಯಾವಾಗ ಬಂತು, ಯಾವಾಗ ಕರಗಿತು ಎಂಬುದನ್ನು ಅಂಗಿಯ ಗುಂಡಿ ನೋಡಿಯೇ ಹೇಳುವವಳು. ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಾ ಕೇಳಿದಳು: ‘ಏನ್ರೀ, ಈ ಅಂಗಿ ಕಾಲರ್ ಹಂಗೇ ಇದೆ, ಒಳಗಿನ ಕತ್ತು ಎಲ್ಲಿಗೆ ಹೋಯ್ತು?’

‘ಕೆಲಸ ಜಾಸ್ತಿ.’

‘ಕೆಲ್ಸ ಮೊದ್ಲೂ ಇತ್ತು, ಕತ್ತೂ ಇತ್ತು. ನನ್ನ ತಮ್ಮ ಎಲ್ಲ ಹೇಳಿದಾನೆ. ರೋಗ ಅವರ್ಯಾರದ್ದೂ ಅಲ್ಲ. ಕಂಪನಿಯವರು ಬರೆದಿದ್ದಾದ್ರೆ ನಿಮ್ಮ ಎಂಜಲಿಗೆ ಹೋಗ್ತಿತ್ತು. ಹಾಂ, ಅದನ್ನೂ ನೋಡಿದೀನಿ. ಉಳಿದೋರು ಯಾರು, ಲೆಕ್ಕ ಬರಲ್ವಾ ನಿಮಗೆ?’

‘ನಾನು ಹೋದ್ರೆ ನಿನ್ನ ತಮ್ಮನ ಕೆಲ್ಸ ಹೋಗುತ್ತೆ ಕಣೇ.’

‘ಅವನ ಕೆಲ್ಸ ಹೋದ್ರೆ ಬೇರೆ ಹುಡುಕ್ತಾನೆ. ನೀವು ಹೋದ್ರೆ ನಾನು ಬೇರೆ ಹುಡುಕಲಾ?’

ಪಕ್ಕದಲ್ಲಿ ಪ್ಯಾಂಟು ಕಾಯುತ್ತಾ ನಿಂತಿದ್ದ ಗಿರಾಕಿ ಆಕಾಶ ನೋಡಿದ.

ಮರುದಿನ ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯುವ ಮೊದಲೇ ಅವನು ಬೆಂಚಿನಲ್ಲಿದ್ದ. ಪೂರ್ತಿ ನಂಬಿ ಬಂದವನಲ್ಲ. ಅವಳನ್ನು ಪರೀಕ್ಷೆ ಮಾಡಿ ನೋಡೋಣವೆಂದು ಒಂದು ಸುಳ್ಳು ಕಟ್ಟಿಕೊಂಡೇ ಬಂದಿದ್ದ.

‘ಬೆನ್ನು ನೋವು, ಡಾಕ್ಟ್ರಮ್ಮ.’

‘ಹೌದಾ? ಎಲ್ಲಿ?’ ಅವನು ಸೊಂಟ ತೋರಿಸಿದ. ಅವಳು ಸೊಂಟದ ಕಡೆ ತಿರುಗಿಯೂ ನೋಡದೆ ಅವನ ಕೈ ಎಳೆದು ಬೆರಳ ತುದಿಗಳನ್ನು ಬೆಳಕಿಗೆ ಹಿಡಿದಳು. ಉಗುರುಗಳು ಗಿಣಿಯ ಕೊಕ್ಕಿನಂತೆ ಬಾಗಿ ತುದಿ ಊದಿಕೊಂಡಿದ್ದವು. ಇದು ಯಾವಾಗ ಆಯಿತೆಂದು ಅವನಿಗೇ ಗೊತ್ತಿರಲಿಲ್ಲ. ‘ಅಂಗಿ ಬಿಚ್ಚು.’

‘ಬೆನ್ನಿಗೆ ಅಂಗಿ ಯಾಕೆ?’

‘ಬೆನ್ನು ಅಂಗಿ ಒಳಗಲ್ವಾ ಇರೋದು?’

ಅವಳ ಬೆರಳು ಎಡ ಕೊರಳೆಲುಬಿನ ಮೇಲೆ ಹರಿದು ಗಂಟಿನ ಹತ್ತಿರ ನಿಂತಿತು. ಎಲುಬಿನ ಮೇಲಿನ ಗುಳಿಯಲ್ಲಿ, ಕತ್ತಿನ ಎರಡೂ ಬದಿಯಲ್ಲಿ ಒತ್ತಿ ಒತ್ತಿ ಹುಡುಕಿದಳು. ‘ಇಲ್ಲಿ ಗಡ್ಡೆ ಏನೂ ಸಿಕ್ತಿಲ್ಲ. ಒಳ್ಳೇದು.’ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದಳು. ಕಫದಲ್ಲಿ ರಕ್ತ ಬರುತ್ತದೆಯೇ, ಹಸಿವು ಹೇಗಿದೆ, ದನಿ ಬದಲಾಗಿದೆಯೇ, ತೂಕ ಎಷ್ಟು ಇಳಿದಿದೆ ಎಂದು ಒಂದೊಂದಾಗಿ ಕೇಳಿದಳು. ಅವನು ಒಂದಕ್ಕೆ ನಿಜ, ಒಂದಕ್ಕೆ ಸುಳ್ಳು ಹೇಳುತ್ತಾ ಹೋಗಿ, ರಕ್ತದ ಪ್ರಶ್ನೆಗೆ ಮಾತ್ರ ನೆಲ ನೋಡಿದ.

‘ನಿಮ್ಮ ಭಾವ ಆಫೀಸಿನಲ್ಲಿದಾರಲ್ಲ’ ಎಂದ ಕೊನೆಗೆ.

‘ಇದಾನೆ. ಮನೆ ಪಾಲಾದಾಗ ಹಿತ್ತಲ ಗೋಡೆಗೆ ಜಗಳ ಆಡಿದ್ದು. ಅವತ್ತಿಂದ ನನ್ನ ಮುಖ ಕಂಡ್ರೆ ಉಗೀತಾನೆ. ಅವನಿಗೆ ಚಾಡಿ ಹೇಳೋಕೆ ಮೊದ್ಲು ನಾನು ಕೊಡೆ ಹಿಡ್ಕೊಂಡು ಹೋಗ್ಬೇಕು.’ ಅವಳು ಕುರ್ಚಿ ಎಳೆದು ಎದುರು ಕೂತಳು. ‘ನೋಡಪ್ಪಾ, ನಾನು ಚಾಡಿ ಹೇಳಲ್ಲ, ಸುಳ್ಳೂ ಬರೆಯಲ್ಲ. ಆ ಐದು ಜನಕ್ಕೆ ಸರಿಯಿದಾರೆ ಅಂತ ಬರೆದುಕೊಡೋಕಾಗಲ್ಲ. ಅವರ ಎದೆ ಒಳಗೆ ಏನಿದೆ ಅಂತ ದೇವರಿಗೂ ಗೊತ್ತಿಲ್ಲ, ಅಲ್ಲಿ ಯಾರೂ ಇಣುಕಿ ನೋಡಿಲ್ಲ. ನಿನ್ನ ವಿಷಯ ಹೇಳ್ತೀನಿ. ನಿನ್ನ ಬಾಮೈದ ಹೋದ ವರ್ಷದ ಫಿಲ್ಮೂ ತಂದಿದ್ದ, ಕ್ಲೀನ್ ಇತ್ತು ಅಂತ ತೋರಿಸೋಕೆ. ಕ್ಲೀನ್ ಇರಲಿಲ್ಲ. ಆ ಮೂಳೆ ಗಂಟಿನ ಹಿಂದೆ ಸಣ್ಣದಾಗಿ ಅಡಗಿ ಕೂತಿತ್ತು. ಈಗ ಬೆಳೆದು ಹೊರಗೆ ಬಂದಿದೆ.’

‘ಬೆಳೆಯೋದು ಅಂದ್ರೆ?’

‘ಕ್ಯಾನ್ಸರ್ ಅಂತ ನನಗೆ ಅನುಮಾನ. ಖಾತ್ರಿ ಅಲ್ಲ. ದೊಡ್ಡಾಸ್ಪತ್ರೇಲಿ ಸ್ಕ್ಯಾನ್ ಮಾಡಿ, ಸೂಜಿ ಹಾಕಿ ಒಂದು ಚೂರು ತೆಗೆದು ನೋಡ್ಬೇಕು.’

‘ನಾನು ಬೀಡಿ ಮುಟ್ಟಿದವನಲ್ಲ!’ ಕದ್ದನೆಂದು ಹಿಡಿಸಿಕೊಂಡವನ ಹಾಗೆ ಕೂಗಿದ.

‘ಮಳೆಗಾಲದಲ್ಲೂ ನೀನು ಇದನ್ನೇ ಹೇಳಿದೆ. ನಾನೂ ಬೀಡಿ ಸೇದದವನಿಗೆ ಏನು ಬರುತ್ತೆ ಅಂತ ಸಿರಪ್ ಕೊಟ್ಟು ಕಳಿಸಿದೆ. ಅಲ್ಲೇ ಎಡವಿದ್ದು ನಾನು. ಬೀಡಿ ಸೇದದವರಿಗೂ ಬರುತ್ತೆ ಇದು. ಇನ್ನು ಕಾಯೋದು ಬೇಡ.’

ಅವಳು ಚೀಟಿ ಬರೆಯುವಾಗ ಅವನು ಅವಳ ಪೆನ್ನನ್ನೇ ನೋಡುತ್ತಿದ್ದ, ಅದು ಎಲ್ಲಾದರೂ ಐವರ ಹೆಸರಿನ ಕಡೆ ಹೊರಳುತ್ತದೆಯೋ ಎಂದು. ಹೊರಳಲಿಲ್ಲ. ಅಷ್ಟು ವರ್ಷ ಬೇರೆಯವರ ಹೆಸರಿನಲ್ಲಿ ತಿರುಗಿದ ಎದೆಗೆ ಮೊದಲ ಸಲ ಅವನ ಸ್ವಂತ ಹೆಸರು ಬಿತ್ತು.

ದೊಡ್ಡಾಸ್ಪತ್ರೆಯವರು ಹೊಸ ಫಿಲ್ಮು ತೆಗೆದರು. ‘ಹಳೇದು ಇದ್ರೆ ತನ್ನಿ, ಎಷ್ಟು ಬೇಗ ಬೆಳೀತಿದೆ ಅಂತ ತಿಳೀಬೇಕು’ ಅಂದರು. ಹಳೆಯವೆಲ್ಲ ಇದ್ದದ್ದು ಯೂನಿಯನ್ ಕೋಣೆಯಲ್ಲಿ. ಕಂಪನಿ ಮಚ್ಚೆ ಬರೆದಿದೆ ಎಂಬುದಕ್ಕೆ ಸಾಕ್ಷಿಯೆಂದು ಸೆಕ್ರೆಟರಿ ಈ ವರ್ಷದ್ದು, ಹೋದ ವರ್ಷದ್ದು ಎಲ್ಲವನ್ನೂ ಸೇರಿಸಿ ಕಟ್ಟಿಟ್ಟಿದ್ದ.

ಅವನು ಹೋದಾಗ ಐವರೂ ಅಲ್ಲೇ ಇದ್ದರು. ಸಭೆಯಲ್ಲಿ ಎಂದೂ ಮಾತಾಡದವನು ಬಾಗಿಲಲ್ಲೇ ನಿಂತು ಹೇಳಿದ: ‘ನನ್ನ ಫಿಲ್ಮು ಕೊಡ್ರಪ್ಪಾ.’

‘ನಿನ್ನ ಫಿಲ್ಮು ಯಾವುದು? ಇದರಲ್ಲಿರೋದು ನಮ್ಮ ಹೆಸರು’ ಎಂದ ಸೆಕ್ರೆಟರಿ.

‘ಹೆಸರು ನೀವೇ ಇಟ್ಕೊಳ್ಳಿ. ಎದೆ ನನ್ನದು.’

‘ಎಷ್ಟು ಕೊಟ್ಲು ಡಾಕ್ಟ್ರಮ್ಮ?’

ಫೋಟೋಣ್ಣ ಕೆಮ್ಮಿದ. ತಡೆಯಲು ನೋಡಲಿಲ್ಲ. ಗೋಡೆ ಹಿಡಿದು ಪೂರ್ತಿ ಕೆಮ್ಮಿ, ಕರವಸ್ತ್ರಕ್ಕೆ ಕೆಂಪಗೆ ಉಗಿದು, ಅದನ್ನು ಬಿಡಿಸಿ ಮೇಜಿನ ಮೇಲೆ ಹರವಿದ. ‘ಇಷ್ಟು ಕೊಟ್ಲು. ಎಂಜಲು ಹಚ್ಚಿ ಉಜ್ಜಿ ನೋಡು, ಹೋದ್ರೆ ಕಂಪನಿಯವರು ಬರೆದಿದ್ದು.’

ಮೊದಲು ಎದ್ದವನು ಬಾಮೈದ. ಕಟ್ಟು ಬಿಚ್ಚಿ ತನ್ನ ಹೆಸರಿನ ಫಿಲ್ಮುಗಳನ್ನು ಎಳೆದು ಭಾವನ ಕೈಗಿಟ್ಟ. ‘ನನ್ನ ಕೆಲ್ಸ ಹೋದ್ರೆ ಹೋಗ್ಲಿ’ ಎಂದ, ಯಾರ ಮುಖವನ್ನೂ ನೋಡದೆ. ಮರದಿಂದ ಬಿದ್ದವನೂ ಹೆಂಡತಿ ತಳ್ಳಿದವನೂ ತಮ್ಮವನ್ನು ಮುಂದೆ ಚಾಚಿದರು, ಅಷ್ಟೆಲ್ಲ ಬೇಕಿರಲಿಲ್ಲ. ಸೆಕ್ರೆಟರಿ ಮಾತ್ರ ಕೂತಲ್ಲೇ ಕೂತಿದ್ದ.

ಅದು ಕ್ಯಾನ್ಸರೇ ಆಗಿತ್ತು. ಹೆಚ್ಚು ಹಬ್ಬಿರಲಿಲ್ಲವೆಂದು ಎಡಗಡೆಯ ಶ್ವಾಸಕೋಶದ ಮೇಲ್ಭಾಗವನ್ನು ಕತ್ತರಿಸಿ ತೆಗೆದರು. ಉಳಿದದ್ದಕ್ಕೆ ಔಷಧಿ ಕೊಡುತ್ತೇವೆ, ಮುಂದೆ ನೋಡೋಣ ಅಂದರು. ನೋಡೋಣ ಅನ್ನುವ ಮಾತನ್ನು ಅವನ ಹೆಂಡತಿ ನಂಬಲಿಲ್ಲ, ಬಿಡಲೂ ಇಲ್ಲ. ಪ್ರತಿ ಸಲ ಬಿಳಿ ಕೋಟು ಕಂಡಾಗಲೂ ‘ಏನು ನೋಡಿದ್ರಿ?’ ಎಂದು ಅಡ್ಡಗಟ್ಟುತ್ತಿದ್ದಳು. ಅತ್ತ ಡಾಕ್ಟ್ರಮ್ಮ ಹಿಂದೆಬಿದ್ದು ಬಾಮೈದನ ಮತ್ತು ಇನ್ನಿಬ್ಬರ ಫಿಲ್ಮನ್ನು ಅವರವರ ಎದೆಯಿಂದಲೇ ತೆಗೆಸಿದಳು. ಬಾಮೈದನದು ಕಲ್ಲಿನ ಧೂಳಿನಿಂದ ಜರಡಿಯಾಗಿತ್ತು. ಗೇಟಿನ ಹೊರಗೆ ಪರಿಹಾರದ ಜಗಳ ಶುರುವಾಯಿತು. ಮೋಸ ಮಾಡಿದಿರಿ ಎಂದು ಕಂಪನಿ, ಧೂಳು ಕುಡಿಸಿದಿರಿ ಎಂದು ಇವರು. ಅದು ಇನ್ನೂ ಮುಗಿದಿಲ್ಲ.

ಸೆಕ್ರೆಟರಿ ವಾರ್ಡಿಗೆ ಬಂದದ್ದು ಎಲ್ಲರೂ ಬಂದು ಹೋದ ಮೇಲೆ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಬಾಟಲಿ ನೋಡಿದ, ಕಿಟಕಿ ನೋಡಿದ. ಆಮೇಲೆ ಬಗ್ಗಿ ಮೆಲ್ಲಗೆ ಕೇಳಿದ: ‘ತೆಗೆದಿದ್ದನ್ನ ತೋರಿಸಿದ್ರಾ? ಕಣ್ಣಾರೆ ನೋಡಿದ್ಯಾ?’

‘ಪ್ರಜ್ಞೆ ತಪ್ಪಿಸಿದ್ರಲ್ಲೋ. ಇವಳು ನೋಡಿದ್ಲು.’

‘ನೆಲ್ಲಿಕಾಯಿಯಷ್ಟಿತ್ತು’ ಎಂದಳು ಹೆಂಡತಿ ಕಾಲ ಬುಡದಿಂದ. ‘ಡಬ್ಬೀಲಿ ಹಾಕಿ ಕೊಡ್ತೀರಾ ಅಂತ ಕೇಳ್ದೆ, ನಿಮಗೇ ಅಂತ. ಕೊಡಲಿಲ್ಲ.’

ಸೆಕ್ರೆಟರಿ ನಗಲಿಲ್ಲ. ಸ್ಟೂಲಿನ ಅಂಚನ್ನು ಉಗುರಿನಿಂದ ಕೆರೆದ. ಗೇಟಿನ ಹೊರಗೆ ಬಿದ್ದು ಇಷ್ಟು ದಿನವಾದರೂ ಮೆರುಗಿನ ಬಿಳಿಪುಡಿ ಅವನ ಕಿವಿಯ ಸಂದಿಯಲ್ಲಿ ಇನ್ನೂ ಇತ್ತು.

‘ನಂದೂ ತೆಗೆಸು ಅಂತ ಆ ಡಾಕ್ಟ್ರಮ್ಮ ದಾರೀಲಿ ನಿಲ್ಲಿಸಿ ಹೇಳ್ತಾಳೆ’ ಎಂದ. ‘ಏನೋ ಇದೆ ಅದರ ಹಿಂದೆ. ಹೋಗ್ಲಾ ಅಣ್ಣ?’

‘ಹೋಗು’ ಎಂದ ಫೋಟೋಣ್ಣ. ಉಸಿರು ಎಳೆದುಕೊಳ್ಳಲು ಸ್ವಲ್ಪ ತಡೆದ. ‘ಅನುಮಾನ ಇಟ್ಕೊಂಡೇ ಹೋಗು. ಆದ್ರೆ ನೀನೇ ಹೋಗು.’